ಸಿಗದ ಗುಲಬರ್ಗಾ, ಸಿಗಬಾರದಿದ್ದ ಕಲಬುರ್ಗಿ: ಒಂದು ಫೈಂಡ್-ರಿಪ್ಲೇಸ್ ಪ್ರಕರಣ

ಕಲಬುರಗಿ ಕಡೆಯ ಒಂದು ಹಳೆ ವಿದ್ಯಾರ್ಥಿಗಳ ಸಂಘ ಸ್ಮರಣ ಸಂಚಿಕೆ ತರುತ್ತಿತ್ತು. ಮುನ್ನೂರು ಪುಟದ ಆಸುಪಾಸಿನ ಪುಸ್ತಕ. ಲೇಖನಗಳು ಬಂದದ್ದು ಹತ್ತಾರು ಕೈಗಳಿಂದ. ಕೆಲವರು ಹಳೆಯ ಕಂಪ್ಯೂಟರಿನಲ್ಲಿ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶ ಹಾಕಿಕೊಂಡು ಟೈಪ್ ಮಾಡಿದ್ದರು, ಕೆಲವರು ಮೊಬೈಲಿನಲ್ಲಿ ಬರೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದರು, ಒಂದಷ್ಟು ಬರಹವನ್ನು ಯಾವುದೋ ಪಿಡಿಎಫ್‌ನಿಂದ ಕಾಪಿ ಹೊಡೆಯಲಾಗಿತ್ತು. ಎಲ್ಲವನ್ನೂ ತಂದು ಒಂದೇ ವರ್ಡ್ ಫೈಲಿಗೆ ಪೇಸ್ಟ್ ಮಾಡಿದ್ದರು. ಊರಿನ ಹೆಸರು ಪುಸ್ತಕದುದ್ದಕ್ಕೂ ಒಂದೇ ರೀತಿ ಇರಬೇಕು ಅಂತ ಸಮಿತಿ ಠರಾವು ಮಾಡಿತ್ತು. ಟೈಪ್ ಮಾಡುವ ಹುಡುಗ ಕಂಟ್ರೋಲ್ ಎಚ್ ಒತ್ತಿ ಹುಡುಕಿ-ಬದಲಿಸುವ ಪೆಟ್ಟಿಗೆ ತೆರೆದು, ಸಿಕ್ಕಿದ್ದನ್ನೆಲ್ಲ ಒಟ್ಟಿಗೇ ಬದಲಿಸುವ ರಿಪ್ಲೇಸ್ ಆಲ್ ಹೊಡೆದು, ಸೇವ್ ಮಾಡಿ, ಕರಡು ಪ್ರತಿ ತೆಗೆದುಕೊಟ್ಟಿದ್ದ. ಆಮೇಲೆ ಕಾರ್ಯದರ್ಶಿಯವರ ಫೋನ್ ಬಂತು: "ಎಲ್ಲಾ ಚೇಂಜ್ ಮಾಡೀವ್ರಿ ಸರ್, ಆದ್ರೂ ಪ್ರಿಂಟಿನ್ಯಾಗ ಇನ್ನಾ ಗುಲಬರ್ಗಾ ಅಂತನೇ ಬರ್ಲಿಕತ್ತದ."

ಹೆಸರಿನ ಹಿನ್ನೆಲೆ ಗೊತ್ತಿಲ್ಲದವರಿಗೆ ಒಂದು ಮಾತು. 2014ರ ನವೆಂಬರ್ 1ರಿಂದ ರಾಜ್ಯದ ಹನ್ನೆರಡು ಊರುಗಳ ಹೆಸರು ಅಧಿಕೃತವಾಗಿ ಬದಲಾಯಿತು. ಅದರಲ್ಲಿ ಹೆಚ್ಚಿನವು ಇಂಗ್ಲಿಷ್ ಸ್ಪೆಲ್ಲಿಂಗ್ ಮಾತ್ರ. ಕನ್ನಡದಲ್ಲಿ ಬೆಂಗಳೂರು ಮೊದಲೂ ಬೆಂಗಳೂರೇ, ಮೈಸೂರು ಮೈಸೂರೇ. ಆದರೆ ಗುಲಬರ್ಗಾ ಕಲಬುರಗಿ ಆಗಿದ್ದು, ಬಿಜಾಪುರ ವಿಜಯಪುರ ಆಗಿದ್ದು ಕನ್ನಡ ಬರಹವನ್ನೂ ಮುಟ್ಟಿತು. 2019ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು. ಸಂಚಿಕೆಯಲ್ಲಿ ಬದಲಾಗಬೇಕಿದ್ದದ್ದು ಮುಖ್ಯವಾಗಿ ಈ ಮೂರು. ಕೇಳಿದರೆ ಐದು ನಿಮಿಷದ ಕೆಲಸ.

ಫೈಲ್ ಕೈಗೆ ಬಂದಾಗ ತೊಂದರೆ ಎರಡು ಬಗೆಯದು ಅಂತ ಕಂಡಿತು. ಒಂದು, ಕಣ್ಣಿಗೆ ಕಾಣುವ ಪದ ಹುಡುಕಿದರೆ ಸಿಗುವುದಿಲ್ಲ. ಇನ್ನೊಂದು, ಸಿಕ್ಕಿ ಬದಲಾದ ಕಡೆ ವಾಕ್ಯ ಕೆಟ್ಟಿದೆ. ಎಲ್ಲರೂ ಗಾಬರಿಯಾಗುವುದು ಮೊದಲನೆಯದಕ್ಕೆ. ನನ್ನ ಲೆಕ್ಕದಲ್ಲಿ ಎರಡನೆಯದೇ ಹೆಚ್ಚು ಅಪಾಯ, ಯಾಕೆಂದರೆ ಅದು ಯಾವ ಸಂದೇಶವನ್ನೂ ತೋರಿಸದೆ ಅಚ್ಚಿಗೆ ಹೋಗಿಬಿಡುತ್ತದೆ.

ಹುಡುಕಾಟದ ಪೆಟ್ಟಿಗೆ ನೆಟ್ಟಗಿದೆಯೇ ಅಂತ ಮೊದಲು ನೋಡಬೇಕು. ಅದಕ್ಕೆ ನನ್ನ ಪರೀಕ್ಷೆ ಸರಳ: ಪುಟದಲ್ಲಿ ಖಂಡಿತ ಇರುವ ಒಂದು ಅಕ್ಷರ, ಉದಾಹರಣೆಗೆ ಬರೀ "ದ", ಹುಡುಕುವುದು. ಮುನ್ನೂರು ಪುಟದ ಕನ್ನಡದಲ್ಲಿ ಅದು ಬೆರಳೆಣಿಕೆಯಷ್ಟು ಕಡೆ ಮಾತ್ರ ಸಿಕ್ಕಿತು ಎಂದರೆ ತಪ್ಪು ಪದದಲ್ಲಿಲ್ಲ, ಪೆಟ್ಟಿಗೆಯಲ್ಲಿದೆ. ಇಲ್ಲಿ ಹಾಗೇ ಆಯಿತು. ಹುಡುಗ ಹಿಂದೊಮ್ಮೆ ದಪ್ಪಕ್ಷರದ ಶೀರ್ಷಿಕೆಗಳನ್ನು ಹುಡುಕಿದ್ದ. ಆ ಬೋಲ್ಡ್ ಷರತ್ತು ಹುಡುಕುವ ಖಾನೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಹಾಗೇ ಉಳಿದಿತ್ತು. ವರ್ಡ್ ಮುಚ್ಚುವವರೆಗೂ ಅದು ಹೋಗುವುದಿಲ್ಲ. ಪೆಟ್ಟಿಗೆಯಲ್ಲಿ ಮೋರ್ ಒತ್ತಿ, ಖಾನೆಯೊಳಗೆ ಕರ್ಸರ್ ಇಟ್ಟು, ಕೆಳಗಿನ ನೋ ಫಾರ್ಮ್ಯಾಟಿಂಗ್ ಒತ್ತಿದರೆ ಮುಗಿಯಿತು. ಹುಡುಕುವ ಖಾನೆಗೆ ಒಮ್ಮೆ, ಬದಲಿಸುವ ಖಾನೆಗೆ ಇನ್ನೊಮ್ಮೆ.

ಜೊತೆಗೆ ಟ್ರ್ಯಾಕ್ ಚೇಂಜಸ್ ಚಾಲೂ ಇತ್ತು. ಅದು ಚಾಲೂ ಇದ್ದಾಗ ಹಳೆಯ ಪದ ಅಳಿಸಿಹೋಗುವುದಿಲ್ಲ, ಗೆರೆ ಹೊಡೆಸಿಕೊಂಡು ಅಲ್ಲೇ ಕೂತಿರುತ್ತದೆ. ಮತ್ತೆ ಹುಡುಕಿದರೆ ಆ ಗೆರೆ ಹೊಡೆದ ಗುಲಬರ್ಗಾವೂ ಎಣಿಕೆಗೆ ಬರುತ್ತದೆ. ಎಷ್ಟು ಸಲ ರಿಪ್ಲೇಸ್ ಮಾಡಿದರೂ ಸಂಖ್ಯೆ ಸೊನ್ನೆಗೆ ಇಳಿಯದ ಗುಟ್ಟು ಇದು. ಯಾರ್‍ಯಾರ ತಿದ್ದುಪಡಿ ಒಪ್ಪಬೇಕು ಅಂತ ಕಾರ್ಯದರ್ಶಿಯವರನ್ನು ಕೇಳಿ, ಒಪ್ಪಿದ್ದನ್ನು ಅಕ್ಸೆಪ್ಟ್ ಮಾಡಿ, ಟ್ರ್ಯಾಕ್ ಚೇಂಜಸ್ ನಿಲ್ಲಿಸಿ ಮುಂದೆ ಹೋದೆ.

ಇಷ್ಟಾದ ಮೇಲೂ ಸಿಗದವು ಸುಮಾರಿದ್ದವು. ಅಸಲಿ ಕಥೆ ಇಲ್ಲಿಂದ.

ಸಿಗದ ಪದವನ್ನು ಟೈಪ್ ಮಾಡಬೇಡಿ. ಪುಟದಿಂದಲೇ ಆರಿಸಿ, ಕಾಪಿ ಮಾಡಿ, ಹುಡುಕುವ ಖಾನೆಗೆ ಪೇಸ್ಟ್ ಮಾಡಿ. ಈಗ ಅದು ತನ್ನನ್ನೂ ತನ್ನಂಥ ನಾಲ್ಕಾರನ್ನೂ ಮಾತ್ರ ಹುಡುಕಿಕೊಟ್ಟು, ನೀವು ಟೈಪ್ ಮಾಡಿದ ಅದೇ ಪದ ಬೇರೆ ಗುಂಪನ್ನು ಕೊಟ್ಟರೆ, ಎರಡೂ ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ ಎಂದರ್ಥ. ಯಂತ್ರ ಆಕಾರ ನೋಡುವುದಿಲ್ಲ, ಅಕ್ಷರದ ಹಿಂದಿನ ಕೋಡ್ ಸಂಖ್ಯೆಗಳ ಸಾಲು ನೋಡುತ್ತದೆ.

ಒಬ್ಬ ನಿವೃತ್ತ ಮೇಷ್ಟ್ರ ಲೇಖನದಿಂದ ಪೇಸ್ಟ್ ಮಾಡಿದಾಗ ಖಾನೆಯಲ್ಲಿ ಕನ್ನಡವೇ ಬರಲಿಲ್ಲ. ಬಂದದ್ದು ಇಂಗ್ಲಿಷ್ ಅಕ್ಷರ, ಪೌಂಡ್ ಚಿಹ್ನೆ, ತಲೆಯ ಮೇಲೆ ಗೆರೆ-ಚುಕ್ಕಿ ಹೊತ್ತ ಯುರೋಪಿನ ಅಕ್ಷರಗಳ ಗೊಂಚಲು. ಫಾಂಟ್ ಖಾನೆ ನೋಡಿದರೆ ನುಡಿ 01 ಇ. ಇದು ಯೂನಿಕೋಡ್‌ಗೆ ಮೊದಲಿನ ಪದ್ಧತಿ (ಯೂನಿಕೋಡ್ ಎಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಕೋಡ್ ಸಂಖ್ಯೆ ಕೊಡುವ ಈಗಿನ ವ್ಯವಸ್ಥೆ): ಒಳಗೆ ಇರುವುದು ಇಂಗ್ಲಿಷ್ ಕೋಡ್‌ಗಳೇ, ಫಾಂಟ್ ಮಾತ್ರ ಅವುಗಳ ಮೇಲೆ ಕನ್ನಡದ ಚಿತ್ರ ಹೊದಿಸುತ್ತದೆ. "ನ" ಕೂತಿರುವುದು ಪೌಂಡ್ ಚಿಹ್ನೆಯ ಜಾಗದಲ್ಲಿ. ಅಂಥ ಪುಟದಲ್ಲಿ ಯೂನಿಕೋಡ್ ಗುಲಬರ್ಗಾ ಹುಡುಕಿದರೆ ಸಿಗುವ ಮಾತೇ ಇಲ್ಲ. ಪರಿಹಾರ ಫೈಂಡ್-ರಿಪ್ಲೇಸ್ ಅಲ್ಲ; ಆ ಲೇಖನವನ್ನು ಬೇರೆ ಫೈಲಿಗೆ ತೆಗೆದು, ಪರಿವರ್ತಕದಲ್ಲಿ ಹಾಯಿಸಿ, ಯೂನಿಕೋಡ್ ಮಾಡಿಕೊಂಡು ವಾಪಸ್ ತರುವುದು. ನುಡಿ, ಅದರಂಥದೇ ಇನ್ನೊಂದು ತಂತ್ರಾಂಶ ಬರಹ, ಎರಡರ ಜೊತೆಗೂ ಪರಿವರ್ತಕ ಬರುತ್ತದೆ. ಲೇಖನದ ನಡುವೆ ಇರುವ ನಿಜವಾದ ಇಂಗ್ಲಿಷ್ ಪದಗಳನ್ನು ಮೊದಲೇ ಗುರುತು ಹಾಕಿಟ್ಟುಕೊಳ್ಳಬೇಕು. ಇಲ್ಲದಿದ್ದರೆ ಪರಿವರ್ತಕ ಅವನ್ನೂ ಕನ್ನಡವೆಂದು ಭಾವಿಸಿ ಅರ್ಥವಿಲ್ಲದ ಅಕ್ಷರ ಉದುರಿಸುತ್ತದೆ.

ಪರಿವರ್ತನೆಯಾಗಿ ಬಂದ ಬರಹವೂ ಪೂರ್ತಿ ಶುದ್ಧವಲ್ಲ. ಬೀದರ್ ಹುಡುಕಿದಾಗ ಇದು ಗೊತ್ತಾಯಿತು. ಎರಡು ಲೇಖನಗಳಲ್ಲಿ ಬೀದರ್ ಸಾಲುಸಾಲಾಗಿ ಕಾಣುತ್ತಿತ್ತು, ಹುಡುಕಿದರೆ ಒಂದರಲ್ಲಿ ಮಾತ್ರ ಸಿಗುತ್ತಿತ್ತು. "ಬೀ" ಅಕ್ಷರದ ಮುಂದೆ ಕರ್ಸರ್ ಇಟ್ಟು ಆಲ್ಟ್ ಮತ್ತು ಎಕ್ಸ್ ಒತ್ತಿದೆ. ವರ್ಡ್‌ನಲ್ಲಿ ಹೀಗೆ ಮಾಡಿದರೆ ಕರ್ಸರ್ ಹಿಂದಿನ ಅಕ್ಷರ ತನ್ನ ಕೋಡ್ ಸಂಖ್ಯೆಯಾಗಿ ಬಿಚ್ಚಿಕೊಳ್ಳುತ್ತದೆ, ಮತ್ತೊಮ್ಮೆ ಒತ್ತಿದರೆ ಅಕ್ಷರವಾಗಿ ಮರಳುತ್ತದೆ. ಒಂದು ಲೇಖನದಲ್ಲಿ 0ಸಿಸಿ0 (0CC0) ಬಂತು, ಅಂದರೆ ಗುಡಿಸಿನ ದೀರ್ಘ, ಇಡಿಯಾಗಿ ಒಂದೇ ಕೋಡ್. ಇನ್ನೊಂದರಲ್ಲಿ ಬಂದದ್ದು 0ಸಿಡಿ5, ಬರೀ ದೀರ್ಘದ ಕೊಕ್ಕೆ. ಅದರ ಹಿಂದೆ ಹ್ರಸ್ವ ಗುಡಿಸು ಬೇರೆಯಾಗಿ ಕೂತಿತ್ತು. ನುಡಿಯ ಹಳೆಯ ಫಾಂಟಿನಲ್ಲಿ "ಬೀ" ಮೂಡುವುದೇ "ಬಿ"ಯ ಚಿತ್ರದ ಮುಂದೆ ದೀರ್ಘದ ಚಿತ್ರ ಇಟ್ಟು. ಒರಟು ಪರಿವರ್ತಕ ಆ ಎರಡು ತುಂಡನ್ನು ಎರಡಾಗಿಯೇ ಯೂನಿಕೋಡಿಗೆ ದಾಟಿಸಿಬಿಟ್ಟಿದೆ. ತೆರೆಯ ಮೇಲೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಏತ್ವದ ದೀರ್ಘ, ಐತ್ವ, ಒತ್ವ, ಓತ್ವ ಎಲ್ಲಕ್ಕೂ ಇದೇ ಪಾಡು. "ಕೋಟೆ"ಯ "ಕೋ" ಒಂದೇ ಗುರುತಾಗಿರಬಹುದು, ಒತ್ವ ಮತ್ತು ದೀರ್ಘವೆಂದು ಎರಡಾಗಿರಬಹುದು, ಎತ್ವ, ಕೊಂಬಿನ ಇಳಿ, ದೀರ್ಘ ಎಂದು ಮೂರು ತುಂಡಾಗಿಯೂ ಇರಬಹುದು. ಯೂನಿಕೋಡ್ ಈ ಮೂರನ್ನೂ ಸಮಾನವೆಂದೇ ಹೇಳುತ್ತದೆ, ಒಂದು ರೂಪಕ್ಕೆ ತರುವ ನಿಯಮವೂ ಅದರಲ್ಲಿದೆ. ಆದರೆ ಹುಡುಕುವ ಮುಂಚೆ ಆ ನಿಯಮ ಅನ್ವಯಿಸಿಕೊಳ್ಳುವ ಶ್ರಮವನ್ನು ಎಲ್ಲ ತಂತ್ರಾಂಶವೂ ತೆಗೆದುಕೊಳ್ಳುವುದಿಲ್ಲ.

ಬಿಡಿ ಗುಡಿಸನ್ನು ಹುಡುಕುವ ಖಾನೆಯಲ್ಲಿ ಟೈಪ್ ಮಾಡುವುದು ರಗಳೆ, ಚುಕ್ಕಿ ವೃತ್ತ ಬಂದು ಕೂರುತ್ತದೆ. ಅದಕ್ಕೆ ಸಂಖ್ಯೆಯಲ್ಲಿ ಹುಡುಕಿದೆ. ವರ್ಡ್‌ನಲ್ಲಿ ಕ್ಯಾರೆಟ್ ಗುರುತು, ಚಿಕ್ಕ ಅಕ್ಷರದ ಇಂಗ್ಲಿಷ್ ಯು, ಅದಕ್ಕಂಟಿ ಕೋಡಿನ ದಶಮಾನ ಸಂಖ್ಯೆ (ಮೇಲಿನ 0ಸಿಸಿ0 ದಶಮಾನದಲ್ಲಿ 3264) ಕೊಟ್ಟರೆ ಆ ಕೋಡ್ ಸಿಗುತ್ತದೆ. ಹ್ರಸ್ವ ಗುಡಿಸು 3263, ದೀರ್ಘ 3285; ಇವೆರಡರ ಜೋಡಿಯನ್ನು ಹುಡುಕಿ 3264ರ ಗುಡಿಸಿನ ದೀರ್ಘ ಇಡಬೇಕು. ಎತ್ವ 3270, ಅದರ ಮುಂದೆ ದೀರ್ಘ ಬಂದರೆ 3271. ಎತ್ವ, ಕೊಂಬಿನ ಇಳಿ 3266 ಜೊತೆಯಾದರೆ 3274ರ ಒತ್ವ. ಆ ಒತ್ವದ ಮುಂದೆ ದೀರ್ಘ ಬಂದರೆ 3275ರ ಓತ್ವ. ಒತ್ವವನ್ನು ಮೊದಲು ಕೂಡಿಸಿ ಆಮೇಲೆ ಓತ್ವಕ್ಕೆ ಹೋದರೆ ಮೂರು ತುಂಡಿನದೂ ಎರಡು ತುಂಡಿನದೂ ಒಟ್ಟಿಗೇ ಸರಿಯಾಗುತ್ತವೆ. ಬದಲಿಸುವ ಖಾನೆಯಲ್ಲಿ ಈ ಸಂಖ್ಯೆಯ ಆಟ ನಡೆಯುವುದಿಲ್ಲ. ಅಲ್ಲಿ ನಿಜವಾದ ಗುರುತನ್ನೇ ಪೇಸ್ಟ್ ಮಾಡಬೇಕು. ಹೆಸರುಗಳ ತಂಟೆಗೆ ಹೋಗುವ ಮುಂಚೆ ಫೈಲಿನ ತುಂಬ ಈ ಸಾಣೆ ಹಿಡಿದೆ. ಇಲ್ಲಿ ರಿಪ್ಲೇಸ್ ಆಲ್ ಧೈರ್ಯವಾಗಿ ಒತ್ತಬಹುದು: ಮುಂಚೆ ಕಂಡದ್ದೇ ಆಮೇಲೂ ಕಾಣುತ್ತದೆ, ಅರ್ಥ ಕೆಡುವ ಪ್ರಶ್ನೆಯಿಲ್ಲ.

ಪಿಡಿಎಫ್‌ನಿಂದ ಬಂದ ತುಣುಕುಗಳ ರೋಗ ಬೇರೆ. ಅಲ್ಲಿ ಅರ್ಕಾವತ್ತು ಒಂದು ಮನೆ ಮುಂದೆ ಹೋಗಿ ಕೂತಿತ್ತು. ಕರ್ನಾಟಕ "ಕನಾರ್ಟಕ" ಆಗಿತ್ತು, ಕಾರ್ಯಕ್ರಮ "ಕಾಯರ್ಕ್ರಮ", ವರ್ಷ "ವಷರ್". ಗುಲಬರ್ಗಾದಲ್ಲಿ ಎಂಬುದು "ಗುಲಬಗಾರ್ದಲ್ಲಿ". ಅರ್ಕಾವತ್ತನ್ನು ಬರೆಯುವುದು ಅಕ್ಷರದ ನಂತರ, ಉಚ್ಚರಿಸುವುದು ಮೊದಲು; ಯೂನಿಕೋಡ್ ಉಚ್ಚಾರದ ಕ್ರಮ ಇಟ್ಟುಕೊಂಡರೆ ಪಿಡಿಎಫ್‌ನಿಂದ ಎತ್ತಿದ ಬರಹ ಕಣ್ಣಿಗೆ ಕಂಡ ಕ್ರಮದಲ್ಲಿ ಬಂದಿರುತ್ತದೆ. ಓದುವ ಕಣ್ಣು ಇಂಥದ್ದನ್ನು ಸಲೀಸಾಗಿ ಸರಿಮಾಡಿಕೊಂಡು ಮುಂದೆ ಸಾಗುತ್ತದೆ, ಕರಡು ತಿದ್ದುವವರ ಕಣ್ಣು ಕೂಡ. ಇದಕ್ಕೆ ಒಂದೇ ಏಟಿನ ನಿಯಮವಿಲ್ಲ, ಯಾಕೆಂದರೆ ಬೀದರ್, ಡಾಕ್ಟರ್, ಮೀಟರ್ ಎಂದು ನ್ಯಾಯವಾಗಿಯೇ "ರ್" ಇರುವ ಪದಗಳೂ ಇವೆ. ಪದಪದವಾಗಿ ಮಾಡಿದೆ. ಆ ತುಣುಕುಗಳು ಚಿಕ್ಕವಾಗಿದ್ದರಿಂದ ಆಯಿತು. ದೊಡ್ಡ ಅಧ್ಯಾಯವಾಗಿದ್ದರೆ ಹೊಸದಾಗಿ ಟೈಪ್ ಮಾಡಿಸಿ ಅಂತಲೇ ಹೇಳುತ್ತಿದ್ದೆ.

ಹೈದರಾಬಾದ್ ಕರ್ನಾಟಕದ ಗೋಳು ನಡುವಿನ ಜಾಗದ್ದು. ಒಬ್ಬರು ಮಧ್ಯೆ ಸ್ಪೇಸ್ ಬಿಟ್ಟಿದ್ದರು, ಒಬ್ಬರು ಅಡ್ಡಗೆರೆ ಹಾಕಿದ್ದರು, ಇನ್ನೊಬ್ಬರದು ಸಾಲು ಮುರಿಯದ ಸ್ಪೇಸ್, ಕೆಲವರಿಗೆ ಅದು ಹೈದ್ರಾಬಾದ್. ಮೊಬೈಲಿನಲ್ಲಿ ಬರೆದವರ "ದ್" ಆದ ಮೇಲೆ ಕಣ್ಣಿಗೆ ಕಾಣದ ಒಂದು ಕೋಡ್ ಇತ್ತು, ಸಂಖ್ಯೆ 8204. ಮುಂದಿನ ಅಕ್ಷರ ಒತ್ತಾಗಿ ಇಳಿಯದಂತೆ ತಡೆಯುವುದು ಅದರ ಕೆಲಸ. ಹೈದರಾಬಾದ್‌ನಲ್ಲಿ ಎಂದು ಬರೆಯುವಾಗ ಅದು ಬೇಕೇ ಬೇಕು, ಇಲ್ಲದಿದ್ದರೆ "ದ್" ಅಡಿಗೆ ನಕಾರದ ಒತ್ತು ಬೀಳುತ್ತದೆ. ಆದರೆ ಮುಂದೆ ಸ್ಪೇಸ್ ಇದ್ದರೆ ಅದಕ್ಕೆ ಕೆಲಸವಿಲ್ಲ. ಕೆಲವು ತಂತ್ರಾಂಶ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದು, ಕೆಲವು ಒಂದು ಅಕ್ಷರವೆಂದೇ ಎಣಿಸಿ ಹುಡುಕಾಟ ತಪ್ಪಿಸುತ್ತವೆ. ಆದ್ದರಿಂದ 8204ರ ಮುಂದೆ ಸ್ಪೇಸ್ ಬಂದ ಕಡೆ ಮಾತ್ರ ಅದನ್ನು ತೆಗೆದು, ಉಳಿದ ಕಡೆ ಮುಟ್ಟಲಿಲ್ಲ. ಅಂತರಜಾಲದಲ್ಲಿ "ಅದೃಶ್ಯ ಕೋಡ್ ಎಲ್ಲಾ ಕಿತ್ತುಹಾಕಿ" ಎಂಬ ಉಪದೇಶ ಸಿಗುತ್ತದೆ. ಕನ್ನಡಕ್ಕೆ ಅದು ಸಲ್ಲದು, ರಾಜ್‌ಕುಮಾರ್ ಹೆಸರೇ ಕೆಟ್ಟುಹೋಗುತ್ತದೆ.

ಈಗ ಎಲ್ಲವೂ ಸಿಗತೊಡಗಿದವು. ಬದಲಿಸಬೇಕು. ಹುಡುಗ ಮೊದಲು ಮಾಡಿದ್ದ ರಿಪ್ಲೇಸ್ ಆಲ್ ಏನು ಮಾಡಿತ್ತು ಅಂತ ನೋಡಿದೆ. ಬಿಜಾಪುರ ಸುಸೂತ್ರವಾಗಿ ವಿಜಯಪುರವಾಗಿತ್ತು: ಎರಡೂ "ಪುರ" ಎಂದೇ ಮುಗಿಯುವುದರಿಂದ ಬಿಜಾಪುರದಲ್ಲಿ, ಬಿಜಾಪುರಕ್ಕೆ ಎಲ್ಲ ತಾವಾಗಿ ಹೊಂದಿಕೊಂಡಿದ್ದವು. ಗುಲಬರ್ಗಾ ಹಾಗಲ್ಲ. "ಕಲಬುರಗಿದಲ್ಲಿ ನಡೆದ ಸಭೆ", "ಕಲಬುರಗಿಕ್ಕೆ ಬಂದಾಗ", "ಕಲಬುರಗಿವನ್ನು ಮರೆಯಲಾರೆ". ಆಕಾರದಲ್ಲಿ ಮುಗಿಯುವ ಹೆಸರಿನ ವಿಭಕ್ತಿ ಇಕಾರದ ಹೆಸರಿಗೆ ಅಂಟಿದರೆ ಹೀಗೇ. ಇಂಗ್ಲಿಷಿನವರು ಹೇಳಿಕೊಡುವ ಹೋಲ್ ವರ್ಡ್ಸ್ ಓನ್ಲಿ ಇಲ್ಲಿ ಕೈಕೊಡುತ್ತದೆ. ಅದನ್ನು ಗುರುತು ಹಾಕಿದರೆ "ಗುಲಬರ್ಗಾ ಜಿಲ್ಲೆ" ಮಾತ್ರ ಸಿಕ್ಕು, ಗುಲಬರ್ಗಾದಲ್ಲಿ, ಗುಲಬರ್ಗಾದಿಂದ ಎಲ್ಲ ಜಾರಿಕೊಳ್ಳುತ್ತವೆ. ಕನ್ನಡದಲ್ಲಿ ಹುಡುಕಬೇಕಾದದ್ದು ಪದವನ್ನಲ್ಲ, ಪದದ ಜೊತೆ ಅದರ ಬಾಲವನ್ನು.

ಮೊದಲು ಗುಲ್ಬರ್ಗಾ, ಗುಲಬರ್ಗ, ಗುಲ್ಬರ್ಗ ಎಲ್ಲವನ್ನೂ ಗುಲಬರ್ಗಾಕ್ಕೇ ತಂದೆ. ಆಮೇಲೆ ಬಾಲ ಉದ್ದವಿರುವುದರಿಂದ ಶುರು. ಗುಲಬರ್ಗಾದಿಂದ, ಕಲಬುರಗಿಯಿಂದ. ಗುಲಬರ್ಗಾಕ್ಕಿಂತ, ಕಲಬುರಗಿಗಿಂತ. ಗುಲಬರ್ಗಾಕ್ಕೆ, ಕಲಬುರಗಿಗೆ. ಗುಲಬರ್ಗಾವನ್ನು, ಕಲಬುರಗಿಯನ್ನು. ಗುಲಬರ್ಗಾವೂ, ಕಲಬುರಗಿಯೂ. ಬಳಿಕ ಗುಲಬರ್ಗಾದ ಎಂಬುದನ್ನು ಕಲಬುರಗಿಯ ಎಂದು ಬದಲಿಸಿದರೆ ದಲ್ಲಿ, ದವರು, ದಲ್ಲಿದ್ದಾಗ ಎಲ್ಲವೂ ಅದರೊಳಗೇ ಬಂದುಬಿಡುತ್ತವೆ. ಕೊನೆಗೆ ಬರಿಯ ಗುಲಬರ್ಗಾ. ಈ ಕ್ರಮ ಹಿಂದುಮುಂದಾದರೆ ಮತ್ತೆ ಕಲಬುರಗಿದಲ್ಲಿ.

ಇಷ್ಟಕ್ಕೂ ಎಲ್ಲ ಗುಲಬರ್ಗಾವೂ ಬದಲಾಗಬೇಕಿರಲಿಲ್ಲ. 1980ರಲ್ಲಿ ಶುರುವಾದ ಗುಲಬರ್ಗಾ ವಿಶ್ವವಿದ್ಯಾಲಯದ ಹೆಸರು ಗುಲಬರ್ಗಾ ವಿಶ್ವವಿದ್ಯಾಲಯವೇ. ಈ ಭಾಗದ ವಿದ್ಯುತ್ ಕಂಪನಿ ಜೆಸ್ಕಾಂ ಎಂಬುದರ ಬಿಡಿಸಿದ ರೂಪದಲ್ಲಿ ಈಗಲೂ ಗುಲಬರ್ಗಾ ಇದೆ. ಹೈದರಾಬಾದ್ ಕರ್ನಾಟಕ ಎಜುಕೇಶನ್ ಸೊಸೈಟಿ ಕೂಡ ಹಾಗೇ. ಪ್ರದೇಶಾಭಿವೃದ್ಧಿ ಮಂಡಳಿ ಮಾತ್ರ ಕಲ್ಯಾಣ ಕರ್ನಾಟಕ ಎಂದು ಬದಲಾಗಿದೆ. ಸಂಸ್ಥೆಗಳ ಹೆಸರನ್ನು ಕಾಪಾಡಲು ಹಳೆಯ ಉಪಾಯ: ಬದಲಾವಣೆಗೆ ಮುಂಚೆ "ಗುಲಬರ್ಗಾ ವಿಶ್ವವಿದ್ಯಾಲಯ"ವನ್ನು, ಬೇರೆಲ್ಲೂ ಬರಲಾರದ "##ಗುವಿ##" ಎಂಬ ಗುರುತಿಗೆ ತಿರುಗಿಸಿ, ಎಲ್ಲ ಮುಗಿದ ಮೇಲೆ ವಾಪಸ್ ತರುವುದು.

ಪುಸ್ತಕಕ್ಕೆ ನಿಜವಾದ ಪೆಟ್ಟು ಬಿದ್ದದ್ದು ಮಾತ್ರ ಇದರಲ್ಲಲ್ಲ. ಕಲಬುರ್ಗಿ ಎಂದು ಬರೆದವರೂ ಇದ್ದರೆಂದು ಹುಡುಗ ಅದನ್ನೂ ಒಂದೇ ಏಟಿಗೆ ಕಲಬುರಗಿ ಮಾಡಿದ್ದ. ವಚನ ಸಾಹಿತ್ಯದ ಮೇಲಿನ ಒಂದು ಲೇಖನದಲ್ಲಿ ಎಂ. ಎಂ. ಕಲಬುರ್ಗಿಯವರ ಹೆಸರು ಮತ್ತೆ ಮತ್ತೆ ಬರುತ್ತಿತ್ತು. ಅಲ್ಲೆಲ್ಲ ವಿದ್ವಾಂಸರ ಹೆಸರು ಹೋಗಿ ಊರಿನ ಹೆಸರು ಕೂತಿತ್ತು. ಕಾರ್ಯದರ್ಶಿಯವರು ಸಲೀಸಾಗಿ ಹೇಳಿದರು, ಉಲ್ಟಾ ರಿಪ್ಲೇಸ್ ಹೊಡೆದರಾಯಿತಲ್ಲ ಅಂತ. ಆಗುವುದಿಲ್ಲ. ಎರಡು ಬೇರೆ ಪದ ಬೆರೆತು ಒಂದಾದ ಮೇಲೆ ಯಾವುದು ಮೊದಲು ಯಾವುದಾಗಿತ್ತು ಎಂಬ ಸುಳಿವು ಫೈಲಿನಲ್ಲಿ ಉಳಿಯುವುದಿಲ್ಲ. ಮಜ್ಜಿಗೆಗೆ ಹಾಕಿದ ನೀರು ತೆಗೆದಂತೆ. ಕಂಟ್ರೋಲ್ ಝಡ್ ಉಪಯೋಗಕ್ಕೆ ಬರುವುದು ಫೈಲ್ ಮುಚ್ಚುವವರೆಗೆ ಮಾತ್ರ.

ಪುಣ್ಯಕ್ಕೆ ಲೇಖಕರು ಕಳಿಸಿದ ಮೂಲ ಪ್ರತಿಗಳು ಸಮಿತಿಯ ಈಮೇಲಿನಲ್ಲಿದ್ದವು. ವರ್ಡ್‌ನ ರಿವ್ಯೂ ಪಟ್ಟಿಯಲ್ಲಿರುವ ಕಂಪೇರ್ ಬಳಸಿ ಆ ಲೇಖನದ ಮೂಲವನ್ನೂ ಈಗಿನದನ್ನೂ ಎದುರುಬದುರು ಇಟ್ಟೆ. ವ್ಯತ್ಯಾಸಗಳು ಕೆಂಪಾಗಿ ಎದ್ದುಬಂದವು. ವ್ಯಕ್ತಿಯ ಹೆಸರಿದ್ದ ಕಡೆ ರಿಜೆಕ್ಟ್, ಊರಿದ್ದ ಕಡೆ ಅಕ್ಸೆಪ್ಟ್. ನಿಧಾನದ ಕೆಲಸ, ಆದರೆ ನಂಬಿಕೆಯ ಕೆಲಸ.

ಇನ್ನೊಂದು ವಿಷಯದಲ್ಲಿ ನನಗೂ ಸಮಿತಿಗೂ ಸ್ವಲ್ಪ ಜಟಾಪಟಿ ನಡೆಯಿತು. ಅವರಿಗೆ ಪುಸ್ತಕದ ತುಂಬ ಕಲಬುರಗಿ ಬೇಕು. ನನ್ನ ವಾದ: ಎಪ್ಪತ್ತರ ದಶಕದಲ್ಲಿ ಹಳ್ಳಿಯಿಂದ ಬಸ್ಸು ಹತ್ತಿ ಓದಲು ಬಂದವನ ನೆನಪಿನ ಬರಹದಲ್ಲಿ ಆ ಬಸ್ಸಿನ ಬೋರ್ಡಿನ ಮೇಲಿದ್ದ ಹೆಸರನ್ನು ನಾವು ತಿದ್ದಬಾರದು. ಉದ್ಧರಿಸಿದ ಪತ್ರ, ಹಳೆಯ ಪುಸ್ತಕದ ಶೀರ್ಷಿಕೆ, ಸಂಭಾಷಣೆ ಇವನ್ನಂತೂ ಮುಟ್ಟಲೇಬಾರದು. ಊರಿನವರು ಕಲಬುರ್ಗಿ ಎಂದೇ ಮಾತಾಡುತ್ತಿದ್ದರು, ಹೊಸ ಹೆಸರೇ ನಮ್ಮ ಹಳೆ ಹೆಸರು ಎಂಬುದು ಅವರ ವಾದ, ಅದೂ ತಳ್ಳಿಹಾಕುವಂಥದ್ದಲ್ಲ. ಕೊನೆಗೆ ವರದಿ, ಪರಿಚಯ, ಸಂಪಾದಕೀಯ ಇವುಗಳಲ್ಲಿ ಹೊಸ ಹೆಸರು, ನೆನಪುಗಳಲ್ಲಿ ಲೇಖಕರು ಬರೆದದ್ದು ಎಂದಾಯಿತು. ಹೀಗಾಗಿ ಬದಲಾಯಿಸುವ ಕೆಲಸ ಇಡೀ ಫೈಲಿನ ಮೇಲೆ ನಡೆಯಲಿಲ್ಲ. ಲೇಖನವನ್ನು ಸೆಲೆಕ್ಟ್ ಮಾಡಿ, ಆ ಆಯ್ಕೆಯೊಳಗೆ ಮಾತ್ರ ರಿಪ್ಲೇಸ್. ಆಯ್ಕೆ ಮುಗಿದ ಮೇಲೆ ಉಳಿದ ಭಾಗವನ್ನೂ ಹುಡುಕಲೇ ಅಂತ ವರ್ಡ್ ಕೇಳುತ್ತದೆ. ಅಭ್ಯಾಸಬಲದಿಂದ ಯೆಸ್ ಒತ್ತಿದರೆ ಮಾಡಿದ್ದೆಲ್ಲ ಹಾಳು. ನೋ ಒತ್ತಬೇಕು.

ಕಡೆಯ ಪರಿಶೀಲನೆಗೆ ಇಡೀ ಪದ ಹುಡುಕಲಿಲ್ಲ, ತುಂಡು ಹುಡುಕಿದೆ: "ಬರ್ಗ", "ಗುಲ", "ಬಗಾರ್", "ಗಿದಲ್ಲಿ", "ಗಿಕ್ಕೆ". ಎಡಗಡೆಯ ನ್ಯಾವಿಗೇಶನ್ ಪೇನ್‌ನಲ್ಲಿ ಸಿಕ್ಕಿದ್ದೆಲ್ಲ ಅಕ್ಕಪಕ್ಕದ ಮಾತಿನ ಸಮೇತ ಸಾಲಾಗಿ ಬರುತ್ತದೆ, ಕಣ್ಣಾಡಿಸಲು ಅನುಕೂಲ. "ಗುಲ" ಹುಡುಕಿದಾಗ ದೇಗುಲಗಳೂ ಎದ್ದುಬಂದವು, ಅವುಗಳ ನಡುವೆ ಫೋಟೋ ಅಡಿಬರಹದಲ್ಲಿ ಅವಿತಿದ್ದ ಒಂದು ಗುಲಬರ್ಗವೂ. ಸ್ಕ್ಯಾನ್ ಮಾಡಿ ಅಂಟಿಸಿದ್ದ ಹಳೆಯ ಆಮಂತ್ರಣ ಪತ್ರಿಕೆಯಲ್ಲಿರುವುದು ಚಿತ್ರ, ಅಲ್ಲಿಗೆ ಯಾವ ಹುಡುಕಾಟವೂ ತಲುಪುವುದಿಲ್ಲ. ಅದನ್ನು ಇದ್ದಂತೆಯೇ ಬಿಡಲು ಸಮಿತಿ ಒಪ್ಪಿತು. ಉಳಿಸಿಕೊಂಡ ಗುಲಬರ್ಗಾಗಳ ಪುಟಸಂಖ್ಯೆ, ಉಳಿಸಿದ ಕಾರಣ ಬರೆದ ಒಂದು ಹಾಳೆಯನ್ನು ಫೈಲಿನ ಜೊತೆಗೆ ಕಾರ್ಯದರ್ಶಿಯವರಿಗೆ ಕಳಿಸಿದೆ, ಅಚ್ಚಿನ ಮನೆಯಲ್ಲಿ ಇನ್ಯಾರೋ ಒಳ್ಳೆಯ ಮನಸ್ಸಿನಿಂದ ಮತ್ತೊಂದು ರಿಪ್ಲೇಸ್ ಆಲ್ ಹೊಡೆಯದಿರಲಿ ಅಂತ.